ಅನ್ನನಾಳದ ಕ್ಯಾನ್ಸರ್: ರೊಟ್ಟಿ ಸಿಕ್ಕಿಕೊಳ್ಳುವ ಮೊದಲೇ ಕಾಣಬೇಕು ಅಂದ್ರೆ ಯಾವ ಬೆಳಕಿನಲ್ಲಿ ನೋಡಬೇಕು?

ವೀಡಿಯೊ ನೋಡೋಕೆ ಸಮಯ ಇಲ್ಲದವರಿಗೆ, ಓದಿ ಇಟ್ಟುಕೊಳ್ಳಬೇಕು ಅನ್ನೋರಿಗೆ, ಈ ವಾರದ ಮಾತನ್ನು ಎಂದಿನಂತೆ ಬರಹದಲ್ಲಿ ಕೊಡ್ತಾ ಇದ್ದೇನೆ. ಮಾತಿನಲ್ಲಿ ಬಂದ ಒಂದೆರಡು ಪುನರಾವರ್ತನೆ ತೆಗೆದಿದ್ದೇನೆ, ಉಳಿದದ್ದು ಹಾಗೇ ಇದೆ.

ಈ ಸಲದ ವಿಷಯ ಅನ್ನನಾಳದ ಕ್ಯಾನ್ಸರ್. ಅದರಲ್ಲೂ ನೀವು ತುಂಬಾ ಜನ ಕೇಳುವ ಒಂದು ಪ್ರಶ್ನೆ: "ಎಂಡೋಸ್ಕೋಪಿ ಮಾಡಿಸಿದ್ರೆ ಎಲ್ಲಾ ಕಾಣುತ್ತಲ್ವಾ ಡಾಕ್ಟ್ರೇ?"

ಉತ್ತರ ಮೊದಲೇ ಹೇಳಿಬಿಡ್ತೇನೆ. ಬೆಳೆದು ನಿಂತ ಗಡ್ಡೆ ಯಾವ ಎಂಡೋಸ್ಕೋಪಿಯಲ್ಲಾದರೂ ಕಾಣುತ್ತೆ. ಆದರೆ ಪೂರ್ತಿ ಗುಣ ಮಾಡಬಹುದಾದ ಹಂತದ ಕ್ಯಾನ್ಸರ್ ಗಡ್ಡೆಯ ಹಾಗೆ ಇರೋದೇ ಇಲ್ಲ. ಅದೊಂದು ಚಪ್ಪಟೆ ಕಲೆ. ಸಾಮಾನ್ಯ ಬಿಳಿ ಬೆಳಕಿನಲ್ಲಿ, ಅವಸರದಲ್ಲಿ ನೋಡಿದರೆ ತಪ್ಪಿಹೋಗಬಹುದು. ಅದನ್ನು ಕಾಣಿಸೋಕೆ ಬೇರೆ ಬೆಳಕು ಬೇಕು, ಇಲ್ಲಾ ಬಣ್ಣ ಬೇಕು, ಇವೆರಡರ ಜೊತೆಗೆ ನಿಂತು ನೋಡುವ ಸಮಯ ಬೇಕು. ಇವತ್ತಿನ ಮಾತೆಲ್ಲಾ ಇದರ ಸುತ್ತವೇ.

ತಾರ್ನಾಕದಿಂದ ಈ ಮಾತು ಯಾಕೆ

ಹೊಸದಾಗಿ ಸೇರಿದವರಿಗೆ ಹೇಳಬೇಕು: ನಾನು ಹೊಟ್ಟೆ-ಕರುಳಿನ ವೈದ್ಯ, ಇರೋದು ಹೈದರಾಬಾದಿನ ತಾರ್ನಾಕದಲ್ಲಿ. ನಮ್ಮ ಬಡಾವಣೆಯಲ್ಲೇ ರಾಷ್ಟ್ರೀಯ ಪೋಷಣಾ ಸಂಸ್ಥೆ ಇದೆ, ಇಲ್ಲಿ ಎಲ್ಲರೂ ಎನ್‌ಐಎನ್ ಅಂತಾರೆ. 1918ರಲ್ಲಿ ಕೂನೂರಿನಲ್ಲಿ ಬೆರಿಬೆರಿ ರೋಗದ ಬಗ್ಗೆ ತಿಳಿಯೋಕೆ ಶುರುವಾದ ಪುಟ್ಟ ಘಟಕ ಅದು, 1958ರಲ್ಲಿ ಹೈದರಾಬಾದಿಗೆ ಬಂತು. ಅನ್ನನಾಳದ ಕ್ಯಾನ್ಸರ್ ಇದ್ದವರನ್ನೂ ಇಲ್ಲದವರನ್ನೂ ಹೋಲಿಸಿ, ಊಟಕ್ಕೂ ಈ ರೋಗಕ್ಕೂ ಏನು ನಂಟು ಅಂತ ನೋಡಿದ ಒಂದು ಅಧ್ಯಯನವನ್ನು ಇಲ್ಲಿನ ವಿಜ್ಞಾನಿಗಳು 1992ರಲ್ಲೇ ಪ್ರಕಟಿಸಿದ್ದರು. ಅಂದ್ರೆ ಈ ಭಾಗಕ್ಕೆ ಇದು ಹೊಸ ಚಿಂತೆ ಅಲ್ಲ.

ಇನ್ನೊಂದು ಕಾರಣ ನಮ್ಮ ಜನ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರಿನವರಿಗೆ ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ. ದೊಡ್ಡ ಕಾಯಿಲೆ ಅಂದ ಕೂಡಲೇ ರಾತ್ರಿ ಬಸ್ಸೋ ರೈಲೋ ಹತ್ತಿ ಇಲ್ಲಿಗೆ ಬರ್ತಾರೆ. ಬಂದವರು ಹೇಳುವ ಮಾತು ಹೆಚ್ಚುಕಮ್ಮಿ ಒಂದೇ: "ರೊಟ್ಟಿ ಇಳೀವಲ್ದು ರೀ." ಯಾವಾಗಿಂದ ಅಂತ ಕೇಳಿದ್ರೆ, "ಮೂರು-ನಾಲ್ಕು ತಿಂಗಳಾತ್ರೀ."

ಆ ಮೂರು-ನಾಲ್ಕು ತಿಂಗಳಲ್ಲಿ ಏನಾಗಿರುತ್ತೆ ನೋಡಿ. ಮೊದಲು ಜೋಳದ ರೊಟ್ಟಿ ಸಿಕ್ಕಿಕೊಳ್ಳುತ್ತೆ. ಸರಿ, ನೀರು ಕುಡಿದು ಇಳಿಸ್ತಾರೆ. ಆಮೇಲೆ ರೊಟ್ಟಿ ಮುರಿದು ಸಾರಿನಲ್ಲಿ ನೆನೆಸಿ ತಿಂತಾರೆ. ಆಮೇಲೆ ರೊಟ್ಟಿ ಬಿಟ್ಟು ಮೆತ್ತಗಿನ ಅನ್ನ. ಆಮೇಲೆ ಗಂಜಿ, ಅಂಬಲಿ. ಒಂದೊಂದು ಮೆಟ್ಟಿಲು ಇಳಿದಾಗಲೂ "ಈಗ ಪರವಾಗಿಲ್ಲ" ಅನಿಸುತ್ತೆ. ಗಂಜಿಯೂ ಇಳಿಯದೇ ಹೋದ ದಿನ ಆಸ್ಪತ್ರೆಗೆ ಬರ್ತಾರೆ. ಇದು ಯಾರ ದಡ್ಡತನವೂ ಅಲ್ಲ. ಆ ನಾಳದ ಸ್ವಭಾವವೇ ಹಾಗಿದೆ.

ಅನ್ನನಾಳ ಯಾಕೆ ತಡವಾಗಿ ಹೇಳುತ್ತೆ

ಅನ್ನನಾಳ ಅಂದ್ರೆ ಗಂಟಲಿನಿಂದ ಜಠರದವರೆಗೆ ಸುಮಾರು 25 ಸೆಂಟಿಮೀಟರ್ ಉದ್ದದ ಮಾಂಸದ ಕೊಳವೆ. ಇದು ಹಿಗ್ಗುತ್ತೆ. ತುತ್ತು ಬಂದಾಗ 2 ಸೆಂಟಿಮೀಟರ್‌ಗಿಂತ ಹೆಚ್ಚೇ ಅಗಲವಾಗುತ್ತೆ. ಒಳಗಿನ ದಾರಿ ಸುಮಾರು 13 ಮಿಲಿಮೀಟರ್‌ಗೆ ಇಳಿಯೋವರೆಗೆ ಗಟ್ಟಿ ಆಹಾರ ನುಂಗೋಕೆ ಅಂಥ ತೊಂದರೆ ಆಗೋದಿಲ್ಲ. ಅಂದ್ರೆ ರೊಟ್ಟಿ ಸಿಕ್ಕಿಕೊಂಡ ದಿನ ಕ್ಯಾನ್ಸರ್ ಶುರುವಾದ ದಿನ ಅಲ್ಲ. ಅಷ್ಟರಲ್ಲಿ ಅದು ದಾರಿಯ ದೊಡ್ಡ ಭಾಗವನ್ನೇ ಆಕ್ರಮಿಸಿರುತ್ತೆ.

ಎರಡನೇ ತೊಂದರೆ ಗೋಡೆಯದು. ಮನೆಯ ಗೋಡೆ ಅಂದುಕೊಳ್ಳಿ: ಮೇಲೆ ಸುಣ್ಣ, ಅದರ ಕೆಳಗೆ ಗಿಲಾವು, ಅದರ ಕೆಳಗೆ ಇಟ್ಟಿಗೆ. ಕ್ಯಾನ್ಸರ್ ಶುರುವಾಗೋದು ಸುಣ್ಣದ ಪದರದಲ್ಲಿ. ಅಲ್ಲಿದ್ದಾಗ ಬೇರೆಡೆಗೆ ಹರಡಿರುವ ಸಾಧ್ಯತೆ ತೀರಾ ಕಡಿಮೆ. ಆದರೆ ಅನ್ನನಾಳದಲ್ಲಿ ದುಗ್ಧರಸದ ಸಣ್ಣ ನಾಳಗಳು ಮೇಲಿನ ಪದರಕ್ಕೆ ತುಂಬಾ ಹತ್ತಿರ ಇವೆ. ಗಿಲಾವಿಗೆ ಇಳಿದ ಕೂಡಲೇ ಗ್ರಂಥಿಗಳಿಗೆ ಹರಡುವ ಅಪಾಯ ಏರುತ್ತಾ ಹೋಗುತ್ತೆ. ಜೊತೆಗೆ ಹೊಟ್ಟೆಯ ಬೇರೆ ಅಂಗಗಳಿಗೆ ಇರುವ ಹೊರ ಹೊದಿಕೆ ಅನ್ನನಾಳಕ್ಕೆ ಇಲ್ಲ. ಪಕ್ಕದಲ್ಲೇ ಶ್ವಾಸನಾಳ, ಹಿಂದೆ ಮಹಾಪಧಮನಿ.

ಅದಕ್ಕೇ ಅಂಕಿಗಳು ಹೀಗಿವೆ. 2022ರ ಗ್ಲೋಬೊಕ್ಯಾನ್ ಅಂದಾಜಿನ ಪ್ರಕಾರ ಜಗತ್ತಿನಲ್ಲಿ ಆ ವರ್ಷ ಸುಮಾರು 5 ಲಕ್ಷದ 11 ಸಾವಿರ ಜನರಿಗೆ ಈ ಕ್ಯಾನ್ಸರ್ ಬಂತು, ಸುಮಾರು 4 ಲಕ್ಷದ 45 ಸಾವಿರ ಜನ ಇದರಿಂದ ತೀರಿಕೊಂಡರು. ಭಾರತದಲ್ಲಿ ಹೊಸ ರೋಗಿಗಳು ಸುಮಾರು 70 ಸಾವಿರ. ಬರುವವರ ಸಂಖ್ಯೆಗೂ ಹೋಗುವವರ ಸಂಖ್ಯೆಗೂ ಅಂತರ ಎಷ್ಟು ಕಡಿಮೆ ಇದೆ ನೋಡಿ. ನಮ್ಮ ರಾಜ್ಯಕ್ಕೂ ಇದು ದೂರದ್ದಲ್ಲ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ 1982ರಿಂದ ಕ್ಯಾನ್ಸರ್ ನೋಂದಣಿ ನಡೀತಾ ಇದೆ. ಆ ದಾಖಲೆಗಳಲ್ಲಿ ಗಂಡಸರಲ್ಲೂ ಹೆಂಗಸರಲ್ಲೂ ಅನ್ನನಾಳ ಮುಖ್ಯ ಕ್ಯಾನ್ಸರ್‌ಗಳ ಸಾಲಿನಲ್ಲೇ ಇದೆ.

ಇದರಲ್ಲಿ ಎರಡು ಮುಖ್ಯ ಬಗೆ. ಪಶ್ಚಿಮದ ದೇಶಗಳಲ್ಲಿ ಹೆಚ್ಚು ಕಾಣೋದು ಬೊಜ್ಜು ಮತ್ತು ಬಹಳ ವರ್ಷದ ಎದೆಯುರಿಯಿಂದ, ಅನ್ನನಾಳದ ಕೆಳತುದಿಯಲ್ಲಿ ಬರುವ ಅಡಿನೊಕಾರ್ಸಿನೋಮ. ನಮ್ಮಲ್ಲಿ ಹೆಚ್ಚು ಸ್ಕ್ವಾಮಸ್ ಬಗೆಯದು. ಅದರ ಹಿಂದೆ ತಂಬಾಕು, ಮದ್ಯ, ಅಡಿಕೆ-ಗುಟ್ಕಾ, ಹಣ್ಣು-ತರಕಾರಿ ಕಡಿಮೆ ಇರುವ ಊಟ ಇವೆ. ಇವತ್ತು ನಾನು ಹೇಳೋದು ಹೆಚ್ಚಾಗಿ ಈ ಎರಡನೇ ಬಗೆಯ ಬಗ್ಗೆ.

ಬಿಳಿ ಬೆಳಕಿನಲ್ಲಿ ಕಾಣದ್ದು

ಎಂಡೋಸ್ಕೋಪ್ ಅಂದ್ರೆ ತುದಿಯಲ್ಲಿ ಕ್ಯಾಮೆರಾ, ದೀಪ ಇರುವ ಬಾಗುವ ಕೊಳವೆ. ನಮ್ಮ ಕಡೆ "ದುರ್ಬೀನು ಬಿಟ್ಟು ನೋಡೋದು" ಅಂತಾರಲ್ಲ, ಅದೇ. ಆರೋಗ್ಯವಾದ ಅನ್ನನಾಳದ ಒಳಮೈ ನಸುಗೆಂಪು, ನುಣುಪು. ಆರಂಭದ ಕ್ಯಾನ್ಸರ್ ಕೂಡ ಹೆಚ್ಚುಕಮ್ಮಿ ಅದೇ ಬಣ್ಣ, ಅದೇ ಮಟ್ಟ. ಸ್ವಲ್ಪ ಹೆಚ್ಚು ಕೆಂಪಾಗಿರಬಹುದು, ಅಷ್ಟೇ. ಮೇಲೆ ಜೊಲ್ಲು, ನೊರೆ ಇದ್ದರೆ ಅದೂ ಮುಚ್ಚಿಹೋಗುತ್ತೆ.

2014ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟು ಮಾಡಿ ಒಂದು ವಿಶ್ಲೇಷಣೆ ಪ್ರಕಟವಾಯಿತು. ಅನ್ನನಾಳ, ಜಠರದ ಕ್ಯಾನ್ಸರ್ ಪತ್ತೆಯಾದ ಪ್ರತಿ ನೂರು ಜನರಲ್ಲಿ ಸುಮಾರು 11 ಜನ ಅದಕ್ಕೆ ಹಿಂದಿನ ಮೂರು ವರ್ಷದೊಳಗೆ ಎಂಡೋಸ್ಕೋಪಿ ಮಾಡಿಸಿಕೊಂಡಿದ್ದರು, ಆಗ ಅದು ಕಣ್ಣಿಗೆ ಬಿದ್ದಿರಲಿಲ್ಲ. ಇದನ್ನು ಹೆದರಿಸೋಕೆ ಹೇಳ್ತಿಲ್ಲ. ನೋಡುವ ಕ್ರಮ ಯಾಕೆ ಬದಲಾಗಬೇಕು ಅನ್ನೋದಕ್ಕೆ ಹೇಳ್ತಿದ್ದೇನೆ.

ಮೊದಲ ಉಪಾಯ: ಅಯೋಡಿನ್

ಶಾಲೆಯಲ್ಲಿ ಆಲೂಗಡ್ಡೆ ಮೇಲೆ ಅಯೋಡಿನ್ ಹನಿ ಹಾಕಿ ನೋಡಿದ್ದು ನೆನಪಿದೆಯಾ? ಪಿಷ್ಟ ಇದ್ದಲ್ಲಿ ಕಡುನೀಲಿ ಆಗುತ್ತೆ. ಇಲ್ಲೂ ಅದೇ ಲೆಕ್ಕ. ಅನ್ನನಾಳದ ಆರೋಗ್ಯವಂತ ಜೀವಕೋಶಗಳಲ್ಲಿ ಗ್ಲೈಕೋಜನ್ ಇರುತ್ತೆ, ಅದು ಪ್ರಾಣಿದೇಹದ ಪಿಷ್ಟ ಇದ್ದ ಹಾಗೆ. ಕ್ಯಾನ್ಸರ್ ಕಡೆಗೆ ತಿರುಗಿದ ಕೋಶಗಳಲ್ಲಿ ಅದು ಖಾಲಿಯಾಗಿರುತ್ತೆ. ಎಂಡೋಸ್ಕೋಪ್ ಮೂಲಕ ತೆಳುವಾದ ಲುಗೋಲ್ ಅಯೋಡಿನ್ ದ್ರಾವಣ ಸಿಂಪಡಿಸಿದರೆ ಒಳ್ಳೆಯ ಜಾಗವೆಲ್ಲಾ ಕಡುಕಂದು ಬಣ್ಣಕ್ಕೆ ತಿರುಗುತ್ತೆ, ಕೆಟ್ಟ ಜಾಗ ಮಾತ್ರ ಬಣ್ಣ ಹಿಡಿಯದೇ ಬೆಳ್ಳಗೆ ಉಳಿಯುತ್ತೆ. ಎರಡು-ಮೂರು ನಿಮಿಷ ಕಾದರೆ, ನಿಜವಾಗಿ ಅನುಮಾನಪಡಬೇಕಾದ ಕಲೆ ಗುಲಾಬಿ ಬಣ್ಣಕ್ಕೆ ತಿರುಗುತ್ತೆ. ಬರೀ ಉರಿಯೂತದಿಂದ ಬೆಳ್ಳಗಾದ ಕಲೆ ಸಾಮಾನ್ಯವಾಗಿ ಹಾಗೆ ತಿರುಗೋದಿಲ್ಲ.

ಈ ದ್ರಾವಣ ಫ್ರಾನ್ಸಿನ ವೈದ್ಯ ಲುಗೋಲ್ 1829ರಲ್ಲಿ ಮಾಡಿದ್ದು. ಹೊಸದೇನಲ್ಲ, ದುಬಾರಿಯೂ ಅಲ್ಲ. ಎದೆಯಲ್ಲಿ ಸ್ವಲ್ಪ ಉರಿ ಆಗಬಹುದು. ಅದಕ್ಕೆ ಕೊನೆಯಲ್ಲಿ ಸೋಡಿಯಂ ಥಯೋಸಲ್ಫೇಟ್ ಹಾಕಿ ತೊಳೀತಾರೆ. ಅಯೋಡಿನ್ ಅಲರ್ಜಿ ಇರುವವರಿಗೆ ಇದು ಬೇಡ, ಥೈರಾಯ್ಡ್ ತೊಂದರೆ ಇದ್ದರೆ ಮೊದಲೇ ಹೇಳಬೇಕು.

ಎರಡನೇ ಉಪಾಯ: ಬೆಳಕನ್ನೇ ಬದಲಿಸೋದು

ಇದು ನನಗೆ ತುಂಬಾ ಇಷ್ಟದ ಭಾಗ. ಬಿಳಿ ಬೆಳಕಿನಲ್ಲಿ ಎಲ್ಲಾ ಬಣ್ಣ ಇದೆ. ಅದರಲ್ಲಿ ಕೆಂಪನ್ನು ಬಿಟ್ಟು, 415 ನ್ಯಾನೊಮೀಟರ್ ಸುತ್ತಿನ ನೀಲಿ ಮತ್ತು 540 ಸುತ್ತಿನ ಹಸಿರನ್ನು ಮಾತ್ರ ಬಿಟ್ಟರೆ ಏನಾಗುತ್ತೆ? ಈ ಎರಡು ಬಣ್ಣಗಳನ್ನು ರಕ್ತದ ಹಿಮೋಗ್ಲೋಬಿನ್ ಚೆನ್ನಾಗಿ ಹೀರಿಕೊಳ್ಳುತ್ತೆ. ನೀಲಿ ಬೆಳಕು ಹೆಚ್ಚು ಆಳಕ್ಕೆ ಇಳಿಯೋದಿಲ್ಲ, ಮೇಲ್ಪದರದಲ್ಲೇ ಉಳಿಯುತ್ತೆ. ಹಾಗಾಗಿ ಮೇಲ್ಪದರದ ಕೂದಲೆಳೆಯಂಥ ರಕ್ತನಾಳಗಳು ಕಂದು ಬಣ್ಣದಲ್ಲಿ ಎದ್ದು ಕಾಣ್ತವೆ. ಕ್ಯಾನ್ಸರ್ ಬೆಳೆಯೋಕೆ ರಕ್ತ ಬೇಕು, ಅದು ಮೊದಲು ಕೆಡಿಸೋದೇ ಈ ಸಣ್ಣ ನಾಳಗಳ ಜೋಡಣೆಯನ್ನು. ಹಾಗಾಗಿ ಬಿಳಿ ಬೆಳಕಿನಲ್ಲಿ ಏನೂ ಇಲ್ಲ ಅನಿಸಿದ ಜಾಗ ಈ ಬೆಳಕಿನಲ್ಲಿ ಕಂದು ಮಚ್ಚೆಯಾಗಿ ಕಾಣುತ್ತೆ.

ಇದಕ್ಕೆ ನ್ಯಾರೋ ಬ್ಯಾಂಡ್ ಇಮೇಜಿಂಗ್, ಚುಟುಕಾಗಿ ಎನ್‌ಬಿಐ ಅಂತಾರೆ. 1999ರ ಹೊತ್ತಿಗೆ ಜಪಾನಿನ ರಾಷ್ಟ್ರೀಯ ಕ್ಯಾನ್ಸರ್ ಕೇಂದ್ರದ ವೈದ್ಯರೂ ಒಲಿಂಪಸ್ ಕಂಪನಿಯ ಎಂಜಿನಿಯರ್ ಕಜುಹಿರೊ ಗೊನೊ ಅವರೂ ಸೇರಿ ಇದರ ಕೆಲಸ ಶುರುಮಾಡಿದರು, 2005ರ ಕೊನೆಗೆ ಯಂತ್ರ ಮಾರುಕಟ್ಟೆಗೆ ಬಂತು. ಫ್ಯೂಜಿಫಿಲ್ಮ್, ಪೆಂಟಾಕ್ಸ್ ಕಂಪನಿಗಳಲ್ಲೂ ಇದೇ ಕೆಲಸಕ್ಕೆ ಬೇರೆ ಹೆಸರಿನ ವ್ಯವಸ್ಥೆ ಇದೆ. ವೈದ್ಯರು ಮಾಡಬೇಕಾದ್ದು ಎಂಡೋಸ್ಕೋಪಿನ ಹಿಡಿಯ ಮೇಲಿನ ಒಂದು ಗುಂಡಿ ಒತ್ತೋದು, ಅಷ್ಟೇ. ಬಣ್ಣ ಸಿಂಪಡಿಸಬೇಕಿಲ್ಲ, ಉರಿ ಇಲ್ಲ.

ಇದರಿಂದ ಎಷ್ಟು ವ್ಯತ್ಯಾಸ ಆಗುತ್ತೆ? ಜಪಾನಿನಲ್ಲಿ ಮನಾಬು ಮುಟೊ ಮತ್ತು ಸಂಗಡಿಗರು 320 ರೋಗಿಗಳ ಮೇಲೆ ಮಾಡಿದ ಪ್ರಯೋಗ 2010ರಲ್ಲಿ ಪ್ರಕಟವಾಯಿತು. ಅನ್ನನಾಳದ ಮೇಲ್ಪದರದ ಕ್ಯಾನ್ಸರ್‌ಗಳಲ್ಲಿ ಬಿಳಿ ಬೆಳಕಿಗೆ ಸಿಕ್ಕಿದ್ದು ಶೇಕಡಾ 55, ಎನ್‌ಬಿಐಗೆ ಸಿಕ್ಕಿದ್ದು ಶೇಕಡಾ 97. ಗಂಟಲಿನ ಭಾಗದಲ್ಲಂತೂ ಬಿಳಿ ಬೆಳಕಿಗೆ ಶೇಕಡಾ 8, ಎನ್‌ಬಿಐಗೆ ಶೇಕಡಾ 100. ಅಪಾಯ ಹೆಚ್ಚಿದ್ದ ರೋಗಿಗಳಲ್ಲಿ, ನುರಿತ ಕೈಗಳಲ್ಲಿ ಬಂದ ಅಂಕಿ ಇದು, ಅದನ್ನು ಮರೀಬಾರದು. ಹಾಗಿದ್ದರೂ ಬೆಳಕು ಬದಲಾದರೆ ಕಾಣೋದೇ ಬದಲಾಗುತ್ತೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಮೂರನೇ ಉಪಾಯ: ದೊಡ್ಡದು ಮಾಡಿ ನೋಡೋದು

ಮಚ್ಚೆ ಸಿಕ್ಕಿತು. ಅದು ಎಷ್ಟು ಆಳಕ್ಕೆ ಇಳಿದಿದೆ? ಸುಣ್ಣದಲ್ಲೇ ಇದೆಯಾ, ಗಿಲಾವಿಗೆ ಇಳಿದಿದೆಯಾ? ಚಿಕಿತ್ಸೆ ನಿಂತಿರೋದು ಈ ಪ್ರಶ್ನೆ ಮೇಲೆ. ಇದಕ್ಕೆ ಚಿತ್ರವನ್ನು 80-100 ಪಟ್ಟು ದೊಡ್ಡದು ಮಾಡುವ ಎಂಡೋಸ್ಕೋಪ್‌ಗಳಿವೆ. ಆರೋಗ್ಯವಂತ ಮೇಲ್ಪದರದಲ್ಲಿ ಸಣ್ಣ ರಕ್ತನಾಳಗಳು ಪುಟ್ಟ ಕುಣಿಕೆಗಳ ಹಾಗೆ ಒಂದೇ ಸಮನಾಗಿ ನಿಂತಿರುತ್ತವೆ. ಕ್ಯಾನ್ಸರ್ ಬಂದಾಗ ಕುಣಿಕೆ ಹಿಗ್ಗುತ್ತೆ, ಸುತ್ತಿಕೊಳ್ಳುತ್ತೆ, ಒಂದೊಂದೂ ಒಂದೊಂದು ಆಕಾರಕ್ಕೆ ತಿರುಗುತ್ತೆ. ಇನ್ನೂ ಆಳಕ್ಕೆ ಹೋದಂತೆ ಕುಣಿಕೆಯೇ ಹೋಗಿ ಬಿಡಿ ಎಳೆಗಳಾಗುತ್ತವೆ, ಕೊನೆಗೆ ದಪ್ಪ ಹಗ್ಗದಂಥ ನಾಳಗಳು ಕಾಣ್ತವೆ. ಜಪಾನಿನ ಹರುಹಿರೊ ಇನೊಯೆ ಈ ಕುಣಿಕೆಗಳನ್ನು ಓದುವ ಕ್ರಮ ರೂಪಿಸಿದರು. ಅದನ್ನು ಸರಳ ಮಾಡಿ ಜಪಾನಿನ ಅನ್ನನಾಳ ಸಂಘ ಬಿ1, ಬಿ2, ಬಿ3 ಅಂತ ವಿಂಗಡಿಸಿದೆ. ಬಿ1 ಅಂದ್ರೆ ಇನ್ನೂ ಮೇಲೇ ಇದೆ, ಬಿ3 ಅಂದ್ರೆ ಆಳಕ್ಕೆ ಇಳಿದಿದೆ.

ಆದರೆ ಒಂದು ಮಾತು. ಇವೆಲ್ಲಾ ಎಲ್ಲಿಂದ ಚೂರು ತೆಗೀಬೇಕು ಅಂತ ತೋರಿಸುವ ಬೆರಳು ಮಾತ್ರ. ಕ್ಯಾನ್ಸರ್ ಹೌದೋ ಅಲ್ಲವೋ ಅನ್ನೋ ತೀರ್ಮಾನ ಬಯಾಪ್ಸಿಯದು, ಅಂದ್ರೆ ಆ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ಮೇಲೇ. ಈಗ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳೂ ಬಂದಿವೆ, ಪರದೆ ಮೇಲೆ ಅನುಮಾನದ ಜಾಗಕ್ಕೆ ಚೌಕ ಹಾಕಿ ತೋರಿಸ್ತವೆ. ಒಳ್ಳೆಯ ಸಹಾಯ. ಆದರೆ ನೊರೆ ತೊಳೆಯದೇ ಇದ್ದರೆ, ಕ್ಯಾಮೆರಾ ಆ ಕಡೆ ತಿರುಗದೇ ಇದ್ದರೆ, ತಂತ್ರಾಂಶಕ್ಕೂ ಏನೂ ಕಾಣೋದಿಲ್ಲ.

ಬೇಗ ಸಿಕ್ಕರೆ ಏನು ಲಾಭ

ಮೇಲ್ಪದರದಲ್ಲೇ ಸಿಕ್ಕರೆ ಎದೆ ತೆರೆಯಬೇಕಿಲ್ಲ, ಅನ್ನನಾಳ ತೆಗೆಯಬೇಕಿಲ್ಲ. ಎಂಡೋಸ್ಕೋಪ್ ಮೂಲಕವೇ ಆ ಪದರದ ಕೆಳಗೆ ದ್ರವ ತುಂಬಿ ಮೇಲೆತ್ತಿ, ಸಣ್ಣ ಚಾಕುವಿನಿಂದ ಸುತ್ತ ಕತ್ತರಿಸಿ, ಹಣ್ಣಿನ ಸಿಪ್ಪೆ ಸುಲಿದ ಹಾಗೆ ಒಂದೇ ತುಂಡಾಗಿ ತೆಗೀತಾರೆ. ಇದಕ್ಕೆ ಇಎಸ್‌ಡಿ ಅಂತಾರೆ. ತೆಗೆದ ತುಂಡನ್ನು ಪರೀಕ್ಷಿಸಿ ಅಂಚಿನಲ್ಲಿ ರೋಗ ಉಳಿದಿಲ್ಲ, ಆಳಕ್ಕೆ ಇಳಿದಿಲ್ಲ ಅಂದ್ರೆ ಹೆಚ್ಚಿನವರಿಗೆ ಅಷ್ಟೇ ಚಿಕಿತ್ಸೆ. ತೊಂದರೆಗಳೂ ಇವೆ: ರಕ್ತಸ್ರಾವ ಆಗಬಹುದು, ತೂತು ಬೀಳಬಹುದು, ಸುತ್ತಳತೆಯ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಸುಲಿದರೆ ಆಮೇಲೆ ನಾಳ ಕಿರಿದಾಗಬಹುದು. ಆದರೂ ದೊಡ್ಡ ಶಸ್ತ್ರಚಿಕಿತ್ಸೆ, ಕೀಮೋ, ರೇಡಿಯೇಷನ್ ಎಲ್ಲದರ ಮುಂದೆ ಇದು ಸಣ್ಣ ದಾರಿ. ಊಟ ಮತ್ತೆ ಬಾಯಿಯಿಂದಲೇ, ಅದೇ ರೊಟ್ಟಿ.

ಹಾಗಾದ್ರೆ ಎಲ್ಲರೂ ಮಾಡಿಸಬೇಕಾ?

ಇಲ್ಲ. ಚೀನಾದ ಹೆಬೈ ಪ್ರಾಂತ್ಯದ ಸಿಷಿಯನ್ ಎಂಬಲ್ಲಿ ಈ ಕ್ಯಾನ್ಸರ್ ತುಂಬಾ ಹೆಚ್ಚು. ಅಲ್ಲಿನ 14 ಹಳ್ಳಿಗಳಲ್ಲಿ 40ರಿಂದ 69 ವಯಸ್ಸಿನವರಿಗೆ ಒಂದೇ ಒಂದು ಸಲ, ಅಯೋಡಿನ್ ಹಾಕಿ ಎಂಡೋಸ್ಕೋಪಿ ಮಾಡಿ, ಹತ್ತು ವರ್ಷ ಗಮನಿಸಿದರು. 2015ರಲ್ಲಿ ಫಲಿತಾಂಶ ಬಂತು: ಪರೀಕ್ಷೆ ನಡೆದ ಹಳ್ಳಿಗಳಲ್ಲಿ ಈ ಕ್ಯಾನ್ಸರ್‌ನಿಂದ ಸತ್ತವರು ನೂರಕ್ಕೆ 3.35, ನಡೆಯದ ಹಳ್ಳಿಗಳಲ್ಲಿ 5.05. ಸಾವು ಸುಮಾರು ಮೂರನೇ ಒಂದು ಭಾಗ ಇಳಿಯಿತು. ಗಮನಿಸಿ, ಅಲ್ಲಿ ಬಳಸಿದ್ದು ಹಳೆಯ ಅಯೋಡಿನ್. ನಮ್ಮಲ್ಲಿ ಒಬ್ಬೊಬ್ಬರಿಗೆ ಇರುವ ಅಪಾಯ ಅಷ್ಟಿಲ್ಲ, ಎಂಡೋಸ್ಕೋಪಿ ಮಾಡುವವರೂ ಕಡಿಮೆ. ಹಾಗಾಗಿ ಎಲ್ಲರಿಗೂ ಅಲ್ಲ, ಅಪಾಯ ಇರುವವರಿಗೆ. ಈ ಕೆಳಗಿನವರು ವೈದ್ಯರ ಜೊತೆ ಮಾತಾಡಬೇಕು:

ಬಾಯಿ ಅಥವಾ ಗಂಟಲಿನ ಕ್ಯಾನ್ಸರ್‌ಗೆ ಚಿಕಿತ್ಸೆ ಆದವರು. ಬಾಯನ್ನು ಕೆಡಿಸಿದ ತಂಬಾಕೇ ಅನ್ನನಾಳದ ಮೇಲೂ ಹರಿದು ಹೋಗಿರುತ್ತೆ. ನಮ್ಮಲ್ಲಿ ಬಾಯಿ ಕ್ಯಾನ್ಸರ್ ಎಷ್ಟು ಹೆಚ್ಚು ಅಂತ ನಿಮಗೇ ಗೊತ್ತು, ಆದರೂ ಎಷ್ಟೋ ಜನರ ಅನ್ನನಾಳವನ್ನು ಯಾರೂ ನೋಡಿರೋದಿಲ್ಲ.

ಬಹಳ ವರ್ಷ ತಂಬಾಕು ಮತ್ತು ಮದ್ಯ ಎರಡೂ ಇದ್ದವರು. ಎರಡು ಸೇರಿದಾಗ ಅಪಾಯ ಬರೀ ಕೂಡಿದಷ್ಟಲ್ಲ, ಅದಕ್ಕಿಂತ ಹೆಚ್ಚು.

ಚಿಕ್ಕಂದಿನಲ್ಲೋ ಹಿಂದೆಂದೋ ಆಸಿಡ್ ಅಥವಾ ಅಂಥ ಸುಡುವ ವಸ್ತು ನುಂಗಿ ಅನ್ನನಾಳ ಸುಟ್ಟಿದ್ದವರು. ಅಪಾಯ ಹದಿನೈದು-ಇಪ್ಪತ್ತು ವರ್ಷದ ಮೇಲೂ ಬರಬಹುದು.

ಅಕಲೇಸಿಯಾ ಅನ್ನೋ ತೊಂದರೆ, ಅಂದ್ರೆ ಅನ್ನನಾಳದ ಕೆಳಬಾಗಿಲು ಸರಿಯಾಗಿ ತೆರೆಯದೇ ಇರುವವರು.

ರಕ್ತಹೀನತೆ ಜೊತೆಗೆ ನುಂಗೋಕೆ ತೊಂದರೆ ಇರುವ ಹೆಂಗಸರು. ಕಬ್ಬಿಣದ ಕೊರತೆ ಇದ್ದಾಗ ಅನ್ನನಾಳದ ಮೇಲ್ಭಾಗದಲ್ಲಿ ತೆಳು ಪೊರೆ ಬೆಳೆಯುವುದುಂಟು, ಅಂಥವರಲ್ಲಿ ಮುಂದೆ ಕ್ಯಾನ್ಸರ್ ಅಪಾಯ ಹೆಚ್ಚು. "ಗಂಟಲಲ್ಲಿ ಏನೋ ಅಡ್ಡ ಆಗ್ತದ" ಅಂತ ಅಮ್ಮ ಹೇಳಿದ್ರೆ "ಟೆನ್ಷನ್ ಮಾಡ್ಕೊಂಡಿದೀಯ" ಅಂತ ಸುಮ್ಮನಾಗಿಸಬೇಡಿ.

ಇನ್ನು, ಯಾರಿಗೇ ಆಗಲಿ ನುಂಗೋಕೆ ತೊಂದರೆ ಎರಡು ವಾರ ಮುಂದುವರಿದರೆ ಅಪಾಯದ ಲೆಕ್ಕ ಹಾಕ್ತಾ ಕೂರಬೇಡಿ. ನೇರ ಎಂಡೋಸ್ಕೋಪಿ. ಆಸಿಡಿಟಿ ಮಾತ್ರೆ ತಿಂಗಳುಗಟ್ಟಲೆ ನುಂಗ್ತಾ ಕಾಯಬೇಡಿ.

ಎಂಡೋಸ್ಕೋಪಿಗೆ ಹೋಗುವಾಗ

ನಿಮ್ಮ ಕೈಯಲ್ಲೂ ಕೆಲವು ಕೆಲಸ ಇವೆ. ತಂಬಾಕು, ಕುಡಿತ, ಹಿಂದಿನ ಕ್ಯಾನ್ಸರ್ ಯಾವುದನ್ನೂ ಮುಚ್ಚಿಡಬೇಡಿ. ಮನೆಯವರ ಮುಂದೆ ಹೇಳೋಕೆ ಸಂಕೋಚ ಇದ್ದರೆ ವೈದ್ಯರಿಗೆ ಒಬ್ಬರಿಗೇ ಹೇಳಿ. ಅಪಾಯ ಗೊತ್ತಿದ್ದರೆ ಅವರು ಹೆಚ್ಚು ಹೊತ್ತು ನೋಡ್ತಾರೆ. "ಎನ್‌ಬಿಐ ಅಥವಾ ಅಂಥ ಬೆಳಕಿನಲ್ಲಿ ನೋಡ್ತೀರಾ ಸರ್? ಬೇಕಾದ್ರೆ ಅಯೋಡಿನ್ ಹಾಕ್ತೀರಾ ಮೇಡಂ?" ಅಂತ ಕೇಳೋದ್ರಲ್ಲಿ ತಪ್ಪಿಲ್ಲ. ರಕ್ತ ತೆಳುವಾಗಿಸುವ ಮಾತ್ರೆ, ಅಲರ್ಜಿ, ಥೈರಾಯ್ಡ್ ವಿಷಯ ಮೊದಲೇ ತಿಳಿಸಿ. ಎಷ್ಟು ಗಂಟೆ ಉಪವಾಸ ಅಂದಿದ್ದಾರೋ ಅಷ್ಟು ಸರಿಯಾಗಿ ಪಾಲಿಸಿ. ಹೊಟ್ಟೆಯಲ್ಲಿ ಊಟ ಇದ್ದರೆ ಎಂಥ ಕ್ಯಾಮೆರಾವೂ ಕುರುಡು. ಕೆಲವೆಡೆ ನೊರೆ, ಲೋಳೆ ಕರಗೋಕೆ ಮೊದಲು ಒಂದು ದ್ರವ ಕುಡಿಸ್ತಾರೆ, ಅದು ಒಳ್ಳೆಯದೇ.

ಯುರೋಪಿನ ಎಂಡೋಸ್ಕೋಪಿ ಸಂಘ, ಮೊದಲ ಸಲದ ಪರೀಕ್ಷೆ ಒಳಗೆ ಹೋಗಿ ಹೊರಗೆ ಬರೋವರೆಗೆ ಕನಿಷ್ಠ 7 ನಿಮಿಷ ಇರಬೇಕು ಅನ್ನುತ್ತೆ. ಅನ್ನನಾಳದ ಮೇಲಿನ ತುದಿಯಲ್ಲಿ ಕೊಳವೆ ಸರ್ರನೆ ಜಾರಿ ಹೋಗುತ್ತೆ, ಅಲ್ಲಿ ತಪ್ಪೋದು ಹೆಚ್ಚು. ನಿಧಾನವಾಗಿ ಹಿಂದೆ ತರುವಾಗ ಅದನ್ನು ನೋಡಬೇಕು. ಆ ಏಳು ನಿಮಿಷ ಓಕರಿಕೆ ತಡೆಯೋಕಾಗಲ್ಲ ಅನಿಸಿದ್ರೆ ನಿದ್ದೆಯ ಇಂಜೆಕ್ಷನ್ ಕೇಳಿ, ಅದರಲ್ಲಿ ನಾಚಿಕೆ ಏನಿಲ್ಲ. ರಿಪೋರ್ಟ್ ಜೊತೆ ಚಿತ್ರಗಳನ್ನೂ ತಗೊಂಡು ಇಟ್ಟುಕೊಳ್ಳಿ. "ನಾರ್ಮಲ್" ಅಂತ ಬಂದ ಮೇಲೂ ತೊಂದರೆ ನಿಲ್ಲದಿದ್ದರೆ ಮತ್ತೆ ಹೋಗಿ. ಹಳೆ ರಿಪೋರ್ಟ್ ಅಂದಿನ ದಿನದ ಮಾತು ಮಾತ್ರ.

ಇನ್ನು ಬಾರದಂತೆ ನೋಡಿಕೊಳ್ಳೋದು. ತಂಬಾಕು ಬಿಡಿ, ಗುಟ್ಕಾ ಬಿಡಿ, ಮದ್ಯ ಬಿಡಿ. ಹಣ್ಣು, ಸೊಪ್ಪು, ತರಕಾರಿ ತಟ್ಟೆಗೆ ಬರಲಿ. 65 ಡಿಗ್ರಿಗಿಂತ ಬಿಸಿಯಾದ ಪಾನೀಯವನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2016ರಲ್ಲಿ "ಬಹುಶಃ ಕ್ಯಾನ್ಸರ್ ತರಬಲ್ಲದು" ಅನ್ನೋ ಪಟ್ಟಿಗೆ ಸೇರಿಸಿದೆ. ಹೈದರಾಬಾದಿಗೆ ಬಂದು ಇರಾನಿ ಚಾಯ್ ಕುಡಿಯಬೇಡಿ ಅಂತ ನಾನು ಹೇಳೋದಿಲ್ಲ. ಬಸಿಗೆ ಸುರಿದುಕೊಂಡು, ಆರಿಸಿಕೊಂಡು ಕುಡೀರಿ.

ಮನೆಯಲ್ಲಿ ಯಾರಾದರೂ ರೊಟ್ಟಿ ಬಿಟ್ಟು ಅನ್ನಕ್ಕೆ, ಅನ್ನ ಬಿಟ್ಟು ಗಂಜಿಗೆ ಇಳೀತಾ ಇದ್ದರೆ, ಅವರು ಹೇಳದಿದ್ದರೂ ನೀವೇ ಕೇಳಿ: "ಯಾಕೆ, ನುಂಗೋಕೆ ಆಗ್ತಿಲ್ವಾ?" ಈ ವೀಡಿಯೊದಿಂದ ಅಷ್ಟು ಆದರೂ ನನಗೆ ಸಾಕು. ಮುಂದಿನ ವಾರ ಎದೆಯುರಿಯ ಬಗ್ಗೆ ಮಾತಾಡೋಣ.